ಅಂಗಳದ ವಾಟ

“ಬೆಂಚನ್ನ ಗೇಟ್ ಕಡೆ ಹಾಕೋಣ,” ಎನ್ನುತ್ತ ಮುನಿರಾಜು ಬೆಂಚಿನ ಒಂದು ತುದಿ ಹಿಡಿದು ಎಳೆದ.

ಇನ್ನೊಂದು ತುದಿ ಹಿಡಿದಿದ್ದ ಗಾರೆ ಕೆಲಸದ ಬೈರಣ್ಣ ಬಿಡಲಿಲ್ಲ. “ಕೊಳಾಯಿ ಇಲ್ಲೈತೆ, ಅಲ್ಲಿಗ್ಯಾಕೋ? ಅಣ್ಣಂಗೆ ಸ್ನಾನ ಮಾಡ್ಸೋಕೆ ಬಿಂದಿಗೆ ಒತ್ಕೊಂಡು ರಸ್ತೆಗೋಗೋಣ್ವಾ?”

ಬೆಂಚು ಕೊಳಾಯಿಯ ಪಕ್ಕದಲ್ಲೇ ಕೂತಿತು. ಮುನಿರಾಜು ಅದರ ಕೆಳಗಿನ ನೆಲ ನೋಡಿದ. ಒಳಗೆ ಹೆಣವಾಗಿ ಮಲಗಿದ್ದವನು ಗಾರೆ ಮೇಸ್ತ್ರಿ ಮುನಿಯಣ್ಣ. ಮುನಿರಾಜುವಿಗೆ ಸೋದರಮಾವ, ಹೆಣ್ಣು ಕೊಟ್ಟ ಮಾವ, ಕರಣೆ ಹಿಡಿಯಲು ಕಲಿಸಿದ ಗುರು, ಮೂರೂ ಒಬ್ಬನೇ. ದುಃಖ ಬೇಕಾದಷ್ಟಿತ್ತು. ಆದರೆ ಈಗ ಅದನ್ನು ತಳ್ಳಿಕೊಂಡು ಮುಂದೆ ಬಂದು ನಿಂತಿದ್ದು ಭಯ.

ಕೊಡಿಗೇಹಳ್ಳಿಯಿಂದ ಗೊರಗುಂಟೆಪಾಳ್ಯದವರೆಗಿನ ಗಾರೆ ಕೆಲಸದವರೆಲ್ಲ ಆ ಪುಟ್ಟ ವಠಾರದ ಅಂಗಳದಲ್ಲಿ ತುಂಬಿಕೊಂಡಿದ್ದರು.

“ಬಾತ್‌ರೂಮ್ ಆಗ್ಲಿ, ಟೆರೇಸ್ ಆಗ್ಲಿ, ಒಂದು ಚೊಂಬು ನೀರು ಸುರಿದು ನೋಡ್ದೆ ಮನೆಗೋದೋನಲ್ಲ,” ಎಂದ ಬೈರಣ್ಣ. “ನೀರು ನಿಂತ್ರೆ ತಾನೇ ಒಡೆದು ಮತ್ತೆ ಮಾಡ್ತಿದ್ದ. ಕೂಲಿ ಮಾತೆಲ್ಲ ಆಮೇಲೆ.”

“ಅದಕ್ಕೇ ಕೊನೇವರ್ಗೂ ಬಾಡಿಗೆ ಮನೆ,” ಎಂದಿತು ಹಿಂದಿನಿಂದ ಒಂದು ದನಿ.

*

ಎರಡು ತಿಂಗಳ ಹಿಂದೆ ವಠಾರದ ಒಡತಿ ದ್ರೌಪದಮ್ಮ ಅಂಗಳಕ್ಕೆ ಹೊಸದಾಗಿ ಸಿಮೆಂಟ್ ಹಾಕಿಸಲು ಹೊರಟಾಗ ಮುನಿಯಣ್ಣನಿಗೆ ಆಗಲೇ ನಾಲ್ಕು ಹೆಜ್ಜೆಗೆ ಉಬ್ಬಸ. ಕೆಲಸ ಅಳಿಯನ ಪಾಲಿಗೆ ಬಂತು. ದ್ರೌಪದಮ್ಮ ಎಂಜಲು ಕೈಯಲ್ಲಿ ಕಾಗೆ ಓಡಿಸದ ಪೈಕಿ. ಚೌಕಾಸಿ ಮಾಡಿ ಮಾಡಿ ಅರ್ಧ ಕೂಲಿಗೆ ಒಪ್ಪಿಸಿದಳು. ಮುನಿರಾಜು ಏನು ಕಮ್ಮಿ? ಎರಡು ದಿನದ ಕೆಲಸವನ್ನು ಒಂದೇ ದಿನಕ್ಕೆ ಮುಗಿಸಿ ಕೈ ತೊಳೆದುಕೊಂಡ.

ನೆಲ ಒಣಗಿದ ಮೇಲೆ ಮುನಿಯಣ್ಣ ಗೋಡೆ ಹಿಡಿದುಕೊಂಡು ಬಂದು ಚೊಂಬಿನ ನೀರು ಸುರಿದ. ನೀರು ಮೋರಿಯ ಕಡೆ ಹೊರಟದ್ದು ಕೊಳಾಯಿಯ ಬಳಿ ಊಟದ ತಟ್ಟೆಯಗಲಕ್ಕೆ ನಿಂತುಬಿಟ್ಟಿತು.

“ಇಳಿಜಾರೇ ಇಲ್ಲ. ವಾಟ ತಪ್ಪೈತೆ. ಒಡಿ.”

“ಅವಮ್ಮ ಕೊಟ್ಟಿರೋ ಕೂಲಿಗೆ ಇದೇ ಜಾಸ್ತಿ ಮಾವ.”

“ಕೂಲಿ ಕಮ್ಮಿ ಅಂತ ಅವಮ್ಮಂಗೆ ಗೊತ್ತು, ನಿಂಗೆ ಗೊತ್ತು. ನೀರಿಗೆ ಗೊತ್ತೇನೋ?”

“ನಿಮ್ಮಂಗೆ ಕೆಲ್ಸ ಮಾಡಿದ್ರೆ ನಾನೂ ನಿಮ್ಮಂಗೇ ಸಾಯೋವರ್ಗೂ ಬಾಡಿಗೆ ಮನೇಲಿರ್ಬೇಕು!”

ಮಾತು ಬಾಯಿ ಜಾರಿತ್ತು. ಮಾವ ಖಾಲಿ ಚೊಂಬು ಹಿಡಿದು ಒಳಗೆ ಹೋದ. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಮುನಿರಾಜು ಒಡೆಯಲೂ ಇಲ್ಲ.

*

ಬಿಂದಿಗೆ ಮೇಲೆ ಬಿಂದಿಗೆ ಸುರಿದರು. ಅರಿಸಿನದ ನೀರು ಮುನಿಯಣ್ಣನ ಎದೆಯಿಂದ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ ಇಳಿದು, ಕೊಳಾಯಿಯ ಬಳಿ ನಿಂತು, ಸುತ್ತ ನಿಂತವರ ಕಾಲ್ಬೆರಳು ಮುಳುಗಿಸಿತು. ಗಾರೆ ಕೆಲಸದವರ ಕಣ್ಣು ಎಲ್ಲಿಗೆ ಹೋಗುತ್ತದೆ? ಎಲ್ಲರೂ ನೆಲ ನೋಡಿದರು.

“ಪಾಪ,” ಎಂದ ಬೈರಣ್ಣ ಮೆಲ್ಲಗೆ. “ಅಣ್ಣ ಇರೋ ವಠಾರಕ್ಕೆ ಬೇರೆಯೋರು ಗಾರೆ ಹಾಕ್ತಾರಾ? ಕೊನೇಗಾಲಕ್ಕೆ ಅವನ ಕೈಯೂ ಸೋತಿತ್ತು ಅಂತ ಕಾಣ್ತದೆ.”

“ವಯಸ್ಸು ಯಾರನ್ನ ಬಿಟ್ಟೈತೆ,” ಎಂದರು ಇನ್ಯಾರೋ. ಒಂದಿಬ್ಬರು ತಲೆಯಾಡಿಸಿದರು.

ಮುನಿರಾಜು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸತ್ತವನೇನೂ ಎದ್ದು ಕೂತು ‘ನನ್ನ ಕೆಲಸವಲ್ಲ’ ಎನ್ನುವುದಿಲ್ಲ. ಐವತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು ತಟ್ಟೆಯಗಲದ ನೀರಿನಲ್ಲಿ ಮುಳುಗುತ್ತಿತ್ತು. ಮುನಿರಾಜು ಕೈಯಲ್ಲಿದ್ದ ಬಿಂದಿಗೆ ಕೆಳಗಿಟ್ಟ.

“ಅದು ಮಾವನ ಕೆಲ್ಸ ಅಲ್ಲ,” ಎಂದ ಎಲ್ಲರಿಗೂ ಕೇಳುವಂತೆ. “ನಂದು. ಒಡಿ ಅಂತ ಮಾವ ಹೇಳಿದ್ರು. ನಾನೇ ಒಡೀಲಿಲ್ಲ.”

ದ್ರೌಪದಮ್ಮ ಸೆರಗಿನಿಂದ ಬಾಯೊರೆಸಿಕೊಂಡು, “ನಾನೂ ಕೂಲಿ ಸರಿಯಾಗಿ ಕೊಡ್ಲಿಲ್ಲ ಬಿಡಪ್ಪ,” ಎಂದಳು.

“ಅದು ಬೇರೆ ಮಾತು ಕಣಮ್ಮ. ಅದನ್ನ ನಿಮ್ಹತ್ರ ಜಗಳ ಆಡಿ ತಗೋತೀನಿ.”

ಚಟ್ಟ ಎತ್ತುವಾಗ ಬೈರಣ್ಣ ಮುನಿರಾಜುವನ್ನು ಕರೆದು ಮುಂದಿನ ಹೆಗಲಿಗೆ ನಿಲ್ಲಿಸಿದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಮಾವ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಒಬ್ಬೊಬ್ಬರೇ ಕೊಳಾಯಿಯಲ್ಲಿ ಕಾಲು ತೊಳೆದು, ನಿಂತ ನೀರನ್ನು ದಾಟಿ, ದೀಪ ನೋಡಲು ಒಳಗೆ ಹೋದರು. ಹೆಂಗಸರು ಅಂಗಳ ತೊಳೆದು ಗುಡಿಸಿದ್ದರೂ ಆ ಗುಂಡಿಯಲ್ಲಿ ಒಂದು ಚೆಂಡುಹೂವಿನ ಎಸಳು ಉಳಿದಿತ್ತು.

ಮುನಿರಾಜು ದೀಪ ನೋಡಿ ಬಂದವನೇ ಮಾವನ ಕೆಲಸದ ಚೀಲದಿಂದ ಉಳಿ, ಸುತ್ತಿಗೆ ತೆಗೆದ.

“ಲೇ, ಸಾವಿನ ಮನೇಲಿ ಇವತ್ತು ಕೆಲ್ಸ ಇಡೀಬಾರ್ದು ಕಣೋ!” ಎಂದು ಬೈರಣ್ಣ ಗದರಿದ.

“ಇಡೀಲಿ ಬಿಡು ಬೈರಣ್ಣ.” ಬಾಗಿಲಲ್ಲಿ ಮುನಿಯಣ್ಣನ ಹೆಂಡತಿ ಸೊಣ್ಣಮ್ಮ ನಿಂತಿದ್ದಳು. “ನಮ್ಮೆಜಮಾನ್ರು ಎರಡು ತಿಂಗಳಿಂದ ಆ ಕೊಳಾಯಿ ಕಡೆ ಕಣ್ಣೆತ್ತಿ ನೋಡಿಲ್ಲ.”

ಮುನಿರಾಜು ಕುಕ್ಕರಗಾಲಲ್ಲಿ ಕೂತು, ನಿಂತ ನೀರಿನ ಅಂಚಿಗೆ ಉಳಿಯಿಟ್ಟು ಹೊಡೆದ. ಬೆರಳಗಲದ ಸೀಳು ಮೋರಿಯ ಕಡೆ ಗೇಣುಗೇಣಾಗಿ ಬೆಳೆಯಿತು. ಕೊನೆಯ ಏಟಿಗೆ ಸಿಮೆಂಟಿನ ಚೂರು ಹಾರಿ ಮೋರಿಗೆ ಬಿತ್ತು. ನೀರು ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ಸೀಳಿಗೆ ಇಳಿಯಿತು. ಚೆಂಡುಹೂವಿನ ಎಸಳು ನಿಂತಲ್ಲೇ ಒಂದು ಸುತ್ತು ತಿರುಗಿ, ಅದರ ಹಿಂದೆಯೇ ಹೊರಟಿತು.