ಹುಲಗಪ್ಪನ ಮಾರಿ ಅಚ್ಚಾದ ಪೇಪರ್

ನನ್ನ ತಮ್ಮ ಹುಲಗಪ್ಪ ಕುಡದು ಮಷೀನಿನಾಗ ಕೈಬೆರಳು ಕಳಕೊಂಡ ಅಂತ ಮುಕಾದಮ ಶಂಕ್ರೆಪ್ಪ ತುರ್ಭೆದ ಕಾರ್ಖಾನಿ ತುಂಬ ಸಾರಿದ್ದ. ಕೂಲಿಯವ್ರನ್ನ ಊರಿಂದ ಕರ್ಕೊಂಡು ಬಂದಾಂವ ಅವನೇ, ಅವನ ಮಾತಿಗೆ ಎದುರಿಲ್ಲ. ನನ್ನ ತಮ್ಮ ಚಹಾ ಬಿಟ್ರ ಬ್ಯಾರೆ ಮುಟ್ಟಿದಾಂವಲ್ಲ. ಮಷೀನ ಕೆಟ್ಟದ, ರಿಪೇರಿ ಮಾಡಸ್ರಿ ಅಂತ ಮೊದಲ ಶಂಕ್ರೆಪ್ಪನ ಮುಂದ ಬಾಯಿ ಬಡ್ಕೊಂಡಿದ್ದ. ಆದ್ರೂ ಜೋಡಿ ದುಡಿಯೋರು ಅವನ್ನ ಕಂಡ್ರ ಮಾರಿ ತಿರುವತಿದ್ರು. ನನಗ ಹೊಟ್ಟಿ ಉರೀತಿತ್ತು.

ಡೊಂಬಿವಲಿಯ ಸರ್ವೋತ್ತಮಣ್ಣ, ಉಡುಪಿ ಕಡೆಯವ್ರು, ನಮ್ಮಂಥೋರಿಗಂತ ವಾರಕ್ಕೊಮ್ಮೆ ಹತ್ತು ಪೈಸಾದ ಕನ್ನಡ ಪೇಪರ್ ಅಚ್ಚು ಹಾಕಿ ತರತಿದ್ರು. ನಾಕೇ ಪುಟ. ಕಾರ್ಖಾನಿ ಗೇಟಿನ ಮುಂದ ತಾವೇ ನಿಂತು ಮಾರೋರು. ಅವರ ಹತ್ರ ಹೋಗಿ ಎಲ್ಲಾ ಹೇಳ್ಕೊಂಡೆ. ಆ ವಾರ ಮೊದಲ ಪುಟದಾಗ ತಮ್ಮನ ಫೋಟೋ, ಕೆಟ್ಟ ಮಷೀನಿನ ಸುದ್ದಿ ಎರಡೂ ಬಂದ್ವು.

ಪೇಪರ್ ಮಾರೂ ದಿನ ಮುಂಜಾನೆ ಯಾರೋ ಒಬ್ಬಾಂವ ಬಂದು ಇಡೀ ಕಟ್ಟು ಕೇಳಿದ. ಸರ್ವೋತ್ತಮಣ್ಣ ಪಾಪ, ಖುಷಿಲೇ ಕೊಟ್ಟುಬಿಟ್ರು. ಅಂವ ಶಂಕ್ರೆಪ್ಪನ ಆಳು ಅಂತ ತಿಳಿದ ಮ್ಯಾಲ ಹಣಿ ಹಣಿ ಬಡ್ಕೊಂಡ್ರು. ಮತ್ತೊಮ್ಮೆ ಅಚ್ಚು ಹಾಕಾಕ ಕಾಗದಿಲ್ಲ ಅಂದ್ರು. ನಾ ಅಲ್ಲೇ ಕುಂತು ಅತ್ತೆ.

ಆದ್ರ ಶಂಕ್ರೆಪ್ಪ ಎಂಥಾ ಜುಗ್ಗ ಅಂದ್ರ, ಸುಡೂದು ಬಿಟ್ಟು ಆ ಕಟ್ಟು ರದ್ದಿಗೆ ಹಾಕಿದ್ದ! ಅದೇ ಗೇಟಿನ ಮುಂದ ಭಜಿ ಕರಿಯಾಕಿ ನಾನು. ಭಜಿ ಕಟ್ಟಿಕೊಡಾಕ ದಿನಾ ರದ್ದಿ ಬೇಕು. ಮರುದಿನ ರದ್ದಿಯಾಂವ ಒಗೆದುಹೋದ ಕಟ್ಟು ಬಿಚ್ಚಿದೆ. ನನಗ ಅಕ್ಷರ ಬರಂಗಿಲ್ಲ ಖರೆ, ತಮ್ಮನ ಮಾರಿ ಗುರ್ತು ಹತ್ತಂಗಿಲ್ಲೇನು?

ಕಾರ್ಖಾನಿಯ ಊಟದ ಭೋಂಗಾ ಕೂಗ್ತು. ಮಂದಿ ಮುಕುರಿದ್ರು. ಪ್ರತಿಯೊಂದು ಪೊಟ್ಣದ ಮ್ಯಾಲ ಹುಲಗಪ್ಪನ ಮಾರಿ ಕಾಣೂ ಹಂಗ ಮಡಚಿ ಕೊಟ್ಟೆ. ಓದು ಬರೋರು ಓದಿದ್ರು, ಬರದೋರು ಸುತ್ತ ನಿಂತು ಕೇಳಿದ್ರು. ಭಜಿ ಆರಿಹೋದ್ರೂ ಯಾರಿಗೂ ಖಬರಿಲ್ಲ.

ಶಂಕ್ರೆಪ್ಪ ಓಡಿ ಬಂದ. ನಾಳಿಂದ ನಿನ್ನ ಗಾಡಿ ಇಲ್ಲಿ ನಿಲ್ಲಂಗಿಲ್ಲ ಅಂತ ಒದರಾಡಿದ. ನಾ ಒಂದು ಪೊಟ್ಣ ಕಟ್ಟಿ ಅವನ ಮುಂದ ಹಿಡದೆ. ಅವತ್ತ ಅವಗ ರೀ ಅನ್ನಲಿಲ್ಲ.

“ತಿನ್ನೋ ಮುಕಾದಮ. ನೀನ ರದ್ದಿಗೆ ಹಾಕಿದ ಪೇಪರ್ ಇದು.”

ದಿನಾ ಊಟ ಆದ ಮ್ಯಾಲ ಎಣ್ಣಿ ಕಾಗದ ಗೇಟಿನ ತುಂಬ ಬಿದ್ದಿರತಿದ್ವು, ನಾನ ಕಸಬರಿಗಿ ಹಿಡದು ಬಳೀತಿದ್ದೆ. ಅವತ್ತ ಆ ಕಾಗದ ಆರಿಸಿ ತರಾಕ ಶಂಕ್ರೆಪ್ಪ ಆಳು ಬಿಟ್ಟ. ಒಂದೂ ಸಿಗಲಿಲ್ಲ. ಒಳಗ ಹೋಗೂ ಭೋಂಗಾ ಹೊಡೀತು. ಮಂದಿ ಕಾಗದದ ಎಣ್ಣಿ ಒರಸಿ, ಮಡಚಿ, ಕಿಸೆದಾಗ ಇಟ್ಕೊಂಡು ಹುಲಗಪ್ಪನ ಖೋಲಿ ಕಡೆ ಹೊಂಟಿದ್ರು.