ರಾಣಿಯ ಐವತ್ತಾರು ಸಾಲು

ಮೂರನೇ ಸಾಲಿನ ಕುರ್ಚಿ ಕಿರ್ ಎಂದಿತು, ಕೊನೆಯ ತಾಲೀಮಿಗೆ ಅಮ್ಮ ಬಂದಳು, ಕನ್ನಡಕ ತೆಗೆದು ಒರೆಸುತ್ತಿದ್ದಾಳೆ, ತಪ್ಪು ಹುಡುಕುವ ಮೊದಲು ಯಾವಾಗಲೂ ಹಾಗೇ, ಒರೆಸಲಿ, ಇವತ್ತು ಒಂದೂ ಸಿಗುವುದಿಲ್ಲ — ಸಿಂಹಾಸನ ತೆಗೆದೆ, ಕಿರೀಟ ತೆಗೆದೆ, ರಟ್ಟಿನ ಕಂಬಗಳನ್ನೆಲ್ಲ ಉಗ್ರಾಣಕ್ಕೆ ಸಾಗಹಾಕಿದೆ, ಒಂದು ಮೇಜು, ಎರಡು ಕುರ್ಚಿ, ಒಂದು ಬಟ್ಟೆಬುಟ್ಟಿ, ಧಾರಾಳವಾಯಿತು, ಹಳೆಯ ನಾಟಕ ಎಂದ ತಕ್ಷಣ ಎಲ್ಲರೂ ಎದೆ ಉಬ್ಬಿಸಿ ಗಂಟಲು ಏರಿಸುತ್ತಾರೆ, ನಾನು ತಾಲೀಮಿನ ಮೊದಲ ದಿನ ಕೇಳುವುದು ಒಂದೇ, ಈ ರಾಜ ಬೆಳಿಗ್ಗೆ ಎದ್ದು ಚಪ್ಪಲಿ ಎಲ್ಲಿ ಹುಡುಕುತ್ತಾನೆ, ರಾಜನ ಪಾತ್ರದವನು ತಲೆ ಕೆರೆದುಕೊಂಡ, ಮೇಡಂ, ನಾಟಕದಲ್ಲಿ ಚಪ್ಪಲಿ ಮಾತೇ ಇಲ್ವಲ್ಲ, ಇಲ್ಲ ಕಣಯ್ಯಾ, ಅದಕ್ಕೇ ಕೇಳ್ತಿರೋದು, ಎರಡು ವಾರ ಚಪ್ಪಲಿ ಹುಡುಕಿದ, ಮೂರನೇ ವಾರ ರಾಜನಾದ. ಪತ್ರಿಕೆಯವರು ಬಂದು ನಿಮ್ಮ ದೃಷ್ಟಿಕೋನ ಏನು ಎನ್ನುತ್ತಾರೆ, ದೃಷ್ಟಿಕೋನವೂ ಇಲ್ಲ ಮಣ್ಣೂ ಇಲ್ಲ, ಇದೇ ಸಂಗತಿ ಮನೆಯೊಳಗೆ ನಡೆದಿದ್ದರೆ ಹೇಗಿರುತ್ತಿತ್ತು, ಅಷ್ಟೇ ನನ್ನ ಬಂಡವಾಳ — ಅಮ್ಮನಿಗೆ ಮಾತ್ರ ಒಪ್ಪಿಗೆಯಿಲ್ಲ, ಇದೇ ನಾಟಕದಲ್ಲಿ ಇಪ್ಪತ್ತೆರಡು ವರ್ಷ ರಾಣಿಯಾಗಿದ್ದವಳು, ಯುದ್ಧದಿಂದ ಮಗನ ಅಂಗಿ ಮಾತ್ರ ಹಿಂದಿರುಗಿದಾಗ ರಾಣಿ ಗೋಳಾಡುವ ಐವತ್ತಾರು ಸಾಲು, ಜನ ಅದಕ್ಕೆಂದೇ ಬರುತ್ತಿದ್ದರು, ಐವತ್ತಾರನ್ನೂ ಕತ್ತರಿಸಿದೆ, ಒಂದನ್ನೂ ಉಳಿಸಲಿಲ್ಲ, ಫೋನಿನಲ್ಲಿ ಕಿಡಿಕಿಡಿಯಾದಳು, ಅದನ್ನೂ ತೆಗೆದ್ರೆ ರಾಣಿ ಹತ್ರ ಇನ್ನೇನೇ ಇರತ್ತೆ, ಕೈ ಇರತ್ತಲ್ಲಮ್ಮ, ಕೈ ಪಾತ್ರೆ ತೊಳೆಯೋಕಾಗತ್ತೆ, ಫೋನ್ ಇಟ್ಟುಬಿಟ್ಟಳು.

ಆ ಕೈ ಯಾರದೆಂದು ನಾನು ಹೇಳಲಿಲ್ಲ. ನನಗೆ ಆಗ ಒಂಬತ್ತು ವರ್ಷ, ಅಣ್ಣ ಆಸ್ಪತ್ರೆಯಿಂದ ಬರಲಿಲ್ಲ, ಅವನ ನೀಲಿ ಅಂಗಿ ಬಂತು, ಹದಿನೈದೇ ದಿನಕ್ಕೆ ಅಮ್ಮ ಮತ್ತೆ ರಂಗಕ್ಕೆ ಹೋಗಿ ಐವತ್ತಾರೂ ಸಾಲು ಒಪ್ಪಿಸಿದಳು, ಸಭೆಯೆಲ್ಲ ಅತ್ತಿತಂತೆ, ಮಾರನೆಯ ದಿನ ನಾನು ಶಾಲೆಯಿಂದ ಬಂದು ಬಾಗಿಲ ಸಂದಿಯಲ್ಲಿ ನಿಂತೆ, ಚೀಲ ಇನ್ನೂ ಬೆನ್ನ ಮೇಲೆ, ಅಮ್ಮ ಅತ್ತ ತಿರುಗಿ ಕೂತಿದ್ದಾಳೆ, ಅಂಗಿ ಮಡಚುತ್ತಾಳೆ, ಎಡತೋಳು ಒಳಗೆ, ಬಲತೋಳು ಒಳಗೆ, ಮತ್ತೆ ಬಿಚ್ಚುತ್ತಾಳೆ, ಎಡತೋಳು ಒಳಗೆ, ಬಲತೋಳು ಒಳಗೆ, ಅಳು ಇಲ್ಲ, ಉಸಿರಿನ ಸದ್ದೂ ಇಲ್ಲ — ನಾಟಕ ಎಂದರೇನೆಂದು ನನಗೆ ತಿಳಿದದ್ದು ಅಲ್ಲಿ, ಆಮೇಲೆ ಕಲಿತದ್ದೆಲ್ಲ ಬರೀ ದೀಪ ಎಲ್ಲಿ ಹಾಕಬೇಕೆಂಬುದು. ಕದ್ದೆನೇ, ಹೌದು, ಕದ್ದೆ, ನಾಚಿಕೆಯಿಲ್ಲ, ಆದರೂ ರಾಣಿಯಾಗುವವಳಿಗೆ ಬೆಳಿಗ್ಗೆ ಹೇಳಿಟ್ಟಿದ್ದೇನೆ, ನೋಡಮ್ಮ, ಇವತ್ತು ನಮ್ಮಮ್ಮ ಎದ್ದು ಹೋದ್ರೆ ಆ ಐವತ್ತಾರೂ ಸಾಲು ವಾಪಸ್, ನಾಳೆ ಪ್ರದರ್ಶನಕ್ಕೆ ಬಾಯಿಪಾಠ ಮಾಡ್ಕೊಂಡ್ಬಿಡು, ಪಾಪ, ಮುಖ ಇಷ್ಟೇ ಇಷ್ಟಾಯಿತು.

ಬಂದಳು ರಾಣಿ, ಬುಟ್ಟಿಗೆ ಕೈ ಹಾಕಿ ಅಂಗಿ ತೆಗೆದಳು, ನಾನು ರಂಗ ನೋಡಬೇಕು, ನೋಡುತ್ತಿರುವುದು ಅಮ್ಮನ ತುಟಿ, ಅಲುಗುತ್ತಿದೆ, ಸದ್ದಿಲ್ಲದೆ ಸಾಲು ಹೇಳುತ್ತಿದ್ದಾಳೆ, ಹಟಮಾರಿ, ನಾಲ್ಕನೆಯದು, ಐದನೆಯದು, ನನಗೂ ಬರುತ್ತದಲ್ಲ, ಆರು — ಎಡತೋಳು ಒಳಗೆ, ಬಲತೋಳು ಒಳಗೆ — ತುಟಿ ನಿಂತಿತು. ಗೊತ್ತಾಯಿತು ಅವಳಿಗೆ. ಈಗ ಏಳುತ್ತಾಳೆ, ಎದ್ದು ಹೋಗುತ್ತಾಳೆ, ಇಲ್ಲ, ಏಳಲಿಲ್ಲ, ಕನ್ನಡಕ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ, ಎರಡೂ ಕೈ ತೊಡೆಯ ಮೇಲೆ, ಖಾಲಿ ಕೈ, ರಾಣಿಯ ಜೊತೆಗೇ ಮಡಚುತ್ತಿದೆ, ಎಡತೋಳು ಒಳಗೆ, ಬಲತೋಳು ಒಳಗೆ, ರಾಣಿ ಅಂಗಿಯನ್ನು ಕೆಳಗಿಟ್ಟಳು, ಮುಗಿಯಿತು, ನಾನು ಹೇಳಿಕೊಟ್ಟದ್ದು ಅಷ್ಟೇ, ಅಮ್ಮನದು ಮುಗಿದಿಲ್ಲ, ಮಡಚಿದ್ದನ್ನು ಮಗುಚಿ ಹಾಕುತ್ತಾಳೆ, ಹೆಬ್ಬೆರಳು ತೋರುಬೆರಳು ಸೇರಿ ಏನನ್ನೋ ಹಿಡಿದು — ಬಾಗಿಲಿನಿಂದ ನನಗೆ ಬೆನ್ನು ಕಂಡಿತ್ತು, ಮೊಣಕೈ ಕಂಡಿತ್ತು, ಇದು ಕಂಡಿರಲಿಲ್ಲ, ಇಷ್ಟು ವರ್ಷ ಕಂಡಿರಲಿಲ್ಲ — ಕತ್ತಿನ ಗುಂಡಿ ಹಾಕುತ್ತಿದ್ದಾಳೆ, ಮೆಲ್ಲಗೆ, ಕತ್ತಿಗೆ ಬಿಗಿಯಾಗದ ಹಾಗೆ, ಎಡತೋಳು ಒಳಗೆ, ಬಲತೋಳು ಒಳಗೆ, ಗುಂಡಿ.