ಬೆನ್ನ ಹಿಂದಿನ ಎಡಗೈ

ಇಡೀ ಅಮೆರಿಕವನ್ನು ನಾನು ಎಡಗೈಯೊಂದರಲ್ಲೇ ಸೋಲಿಸಿದ್ದೇನೆ. ಅದೂ ಕತಾರಿನ ಮರಳಿನಲ್ಲಿ, ಸಂಡಿಗೆ ಒಣಗಿಸುತ್ತಾ. ಈ ಮಾತಿನಲ್ಲಿ ಅರ್ಧ ಸುಳ್ಳಿದೆ, ನಾನೇ ಒಪ್ಪುತ್ತೇನೆ. ಇಡೀ ಅಮೆರಿಕ ಬಂದಿರಲಿಲ್ಲ, ಏಳೆಂಟು ಹುಡುಗರು ಬಂದಿದ್ದರು. ಆದರೆ ಅವರಲ್ಲಿ ಒಬ್ಬ ಬಾಗಿಲಿಗೆ ಅಡ್ಡ ನಿಂತರೆ ಸಾಕು, ಒಳಗಿನ ಗಾಳಿ ಒಳಗೆ, ಹೊರಗಿನ ಗಾಳಿ ಹೊರಗೆ. ಅಂಥವರು ಏಳೆಂಟು ಮಂದಿ ಎಂದರೆ ಅರ್ಧ ಅಮೆರಿಕವಾದರೂ ಆಯಿತಲ್ಲ! ಎಡಗೈಯ ಮಾತು ಮಾತ್ರ ನಿಜ.

ತೊಂಬತ್ತಾರನೇ ಇಸವಿಯ ಡಿಸೆಂಬರ್. ಯಜಮಾನರು ಹೋದ ಮೇಲೆ ಮಗ ಚನ್ನಕೇಶವ ನನ್ನನ್ನು ಮೈಸೂರಿನಿಂದ ದೋಹಾಕ್ಕೆ ಕರೆಸಿಕೊಂಡಿದ್ದ. ಅಲ್ ಹಿಲಾಲ್ ಬಡಾವಣೆಯಲ್ಲಿ ಮೂರನೇ ಮಹಡಿಯ ಮನೆ, ಬಾಲ್ಕನಿಯ ಕೆಳಗೆ ಒಂದು ಖಾಲಿ ಜಾಗ. ಮೊಮ್ಮಗ ಸುಪ್ರೀತ್ ಮೈಸೂರಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದ. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ನನಗೆ ಹಬ್ಬ ಎಂದರೆ ಅದೊಂದೇ.

ಆ ವರ್ಷ ಹುಡುಗ ಬಂದ ವಾರದಲ್ಲೇ ಯಾರದೋ ಕಾರನ್ನು ಲೈಸೆನ್ಸಿಲ್ಲದೆ ಕಾರ್ನಿಷ್ ರಸ್ತೆಯಲ್ಲಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಚನ್ನಕೇಶವ ಠಾಣೆಯಿಂದ ಅವನನ್ನು ಬಿಡಿಸಿಕೊಂಡು ಬಂದವನೇ ಅಲ್ಮೇರದ ಮೇಲಿದ್ದ ಸೂಟ್‌ಕೇಸನ್ನು ಕೆಳಗಿಳಿಸಿ ಹಾಲಿನ ಮಧ್ಯೆ ಇಟ್ಟ.

"ಇದು ಇಲ್ಲೇ ಇರುತ್ತೆ. ಬಾಲ್ಕನಿಯಿಂದ ಕಾಣೋ ಆ ಜಾಗದಲ್ಲಿ ಆಡ್ಕೊಂಡಿರೋದಾದ್ರೆ ಇರು. ಅದು ಬಿಟ್ಟು ಇನ್ನೆಲ್ಲಾದ್ರೂ ಸುತ್ತೋಕೆ ಹೋದ್ಯೋ, ಖಲಾಸ್, ಮುಂದಿನ ಫ್ಲೈಟಿಗೆ ಹಾಸ್ಟೆಲ್ಲು."

"ರಜದಲ್ಲಿ ಹಾಸ್ಟೆಲ್ಲಲ್ಲಿ ಹಲ್ಲಿ ಬಿಟ್ರೆ ಯಾರಿರ್ತಾರೋ?" ಎಂದೆ ನಾನು.

"ಹಲ್ಲಿಗೆ ಡ್ರೈವಿಂಗ್ ಬರಲ್ಲಮ್ಮ, ಒಳ್ಳೆ ಸಹವಾಸ."

ಹೀಗೆ ಆ ಖಾಲಿ ಜಾಗದ ಮೇಲೆ ನನ್ನ ಪ್ರಾಣ ನಿಂತಿತು. ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಸುಪ್ರೀತ್ ಮತ್ತು ಸ್ನೇಹಿತರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ನಾನು ಮೂಲೆಯಲ್ಲಿ ಚಾಪೆ ಹಾಸಿ, ಹಳೆಯ ಸೀರೆ ಹರಡಿ, ಅಕ್ಕಿ ಸಂಡಿಗೆ ಇಟ್ಟುಕೊಂಡು ಕೂರುತ್ತಿದ್ದೆ. ಎರಡೇ ವಾರ. ಆಮೇಲೆ ಅಮೆರಿಕ ಬಂತು.

ಅವರೂ ಕಾಲೇಜು ಹುಡುಗರೇ, ಕ್ರಿಸ್‌ಮಸ್ ರಜೆಗೆ ಅಪ್ಪ ಅಮ್ಮನ ಹತ್ತಿರ ಬಂದವರು. ಅವರ ನಾಯಕನ ಕೂದಲು ಕೆಂಪು, ಬಿಸಿಲಿಗೆ ಮುಖ ಇನ್ನೂ ಕೆಂಪು. ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಟೊಮೇಟೊ ಎಂದು ಕರೆದೆ. ಅವರ ಕೈಯಲ್ಲೊಂದು ಚೆಂಡು, ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ. ಈ ಜಾಗ ನಮಗೂ ಬೇಕು ಎಂದರು. ಜಗಳವಾಯಿತು. ಕೊನೆಗೆ ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರು: ಮುಂದಿನ ಶುಕ್ರವಾರ ಒಂದೇ ಪಂದ್ಯ, ಅವರ ಆಟದಲ್ಲಿ. ಗೆದ್ದವರಿಗೆ ರಜೆ ಮುಗಿಯುವ ತನಕ ಜಾಗ.

"ಅವರ ಆಟಕ್ಕೆ ಯಾಕೋ ಒಪ್ಕೊಂಡೆ?" ಎಂದು ಸುಪ್ರೀತನನ್ನು ಕೇಳಿದೆ.

"ಟಾಸ್ ಸೋತ್ನಲ್ಲಜ್ಜಿ."

"ಈಗ ಜಾಗ ಸೋತ್ರೆ ಅಪ್ಪನ ಹತ್ರ ರಜಾನೂ ಸೋಲ್ತೀಯಲ್ಲೋ ಮಂಕೆ."

ಆಟ ಬಹಳ ಸುಲಭ. ಚೆಂಡನ್ನು ಹಿಡಿದುಕೊಂಡು ಎದುರು ತುದಿಯ ಗೆರೆ ದಾಟಬೇಕು. ಸೊಂಟಕ್ಕೆ ಒಂದು ಬಟ್ಟೆ ಸಿಕ್ಕಿಸಿಕೊಂಡಿರುತ್ತಾರೆ. ಚೆಂಡು ಹಿಡಿದವನ ಬಟ್ಟೆಯನ್ನು ಎದುರಾಳಿ ಕಿತ್ತರೆ ಅಲ್ಲಿಗೆ ನಿಲ್ಲಬೇಕು. ಆ ಬಟ್ಟೆಗಾಗಿ ನನ್ನದೊಂದು ಹಸಿರು ಸೀರೆಯನ್ನು ನಾನೇ ಹರಿದುಕೊಟ್ಟೆ. ಪ್ರತಿ ಸಲ ಶುರುವಾಗುವ ಮೊದಲು ಎಲ್ಲರೂ ತಲೆ ತಗ್ಗಿಸಿ ಗುಂಪಾಗುತ್ತಾರೆ. ಯಾರು ಎತ್ತ ಓಡಬೇಕು, ಚೆಂಡು ಯಾರಿಗೆ ಎಂದು ಒಬ್ಬ ಹೇಳುತ್ತಾನೆ. ಆ ಹೇಳುವವನದೇ ಆಟದ ತಲೆಯಂತೆ.

ನಮ್ಮ ಕಡೆಯ ತಲೆ ಸುಪ್ರೀತ್. ಅಭ್ಯಾಸದ ದಿನ ಮರಳಿನಲ್ಲಿ ಗೀಟು ಹಾಕಿ, ಬಾಣ ಬಿಡಿಸಿ, ಇಂಗ್ಲಿಷಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದ. ಚೆಂಡೆಸೆದರೆ ಎಲ್ಲರೂ ಒಂದೇ ಮೂಲೆಗೆ ಓಡಿ ಒಬ್ಬರ ಮೇಲೊಬ್ಬರು ಬಿದ್ದರು. ಬೋಜ ಎಂಬ ಗುಂಡು ಹುಡುಗ ಮಾತ್ರ ಎಲ್ಲೂ ಓಡದೆ ನನ್ನ ಚಾಪೆಯ ಪಕ್ಕ ನಿಂತು ಹಸಿ ಸಂಡಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ನನಗೆ ನಗು ತಡೆಯಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಒಂದು ವರ್ಷ ಮೇಷ್ಟ್ರ ಮಗುವನ್ನು ಎತ್ತಿಕೊಂಡಿದ್ದೇ ಆಯಿತು. ಆದರೆ ನಮ್ಮ ಯಜಮಾನರು ಮದುವೆ ಅಡುಗೆಯವರು. ಅವರು ಒಲೆಯ ಮುಂದೆ, ನಾನು ಅಡುಗೆಮನೆಯ ಬಾಗಿಲಲ್ಲಿ. ಯಾವ ಪಂಕ್ತಿಗೆ ಯಾರು ಯಾವ ಪಾತ್ರೆ ಹಿಡಿದು ಹೋಗಬೇಕೆಂದು ಕೂಗುವುದು ನನ್ನ ಕೆಲಸ. ಒಂದು ಲಕ್ಷ ಜನಕ್ಕೆ ಬಡಿಸಿದ್ದೇವೆ. ಸರಿ, ಒಂದು ಸಾವಿರ ಎಂದಿಟ್ಟುಕೊಳ್ಳಿ.

"ಲೋ ಸುಪ್ರೀತ, ಬಡಿಸೋರಿಗೆ ಭಾಷಣ ಮಾಡಿದ್ರೆ ಸಾರು ಆರಿಹೋಗುತ್ತೆ. ಒಂದೇ ಒಂದು ಮಾತು ಹೇಳು, ಓಡ್ಲಿ."

"ಅಜ್ಜಿ, ಇದು ಮದುವೆಮನೆ ಅಲ್ಲ. ಇದ್ರಲ್ಲಿ ಸ್ಟ್ರಾಟಜಿ ಇರುತ್ತೆ."

"ಊಟ ಬಡ್ಸೋದ್ರಲ್ಲಿ ಇರೋವಷ್ಟು ನಿಮ್ಮಪ್ಪನ ಆಫೀಸಲ್ಲೂ ಇಲ್ಲ ಕಣೋ."

ಬೋಜ ಬಾಯಲ್ಲಿದ್ದುದನ್ನು ನುಂಗಿ ಹೇಳಿದ. "ಅಜ್ಜಿ ಹೇಳುವುದು ಸರಿ ಉಂಟು ಮಾರಾಯ. ನಿನ್ನ ಬಾಣ ಎಲ್ಲ ನಂಗೆ ತಲೆಗೇ ಹೋಗುದಿಲ್ಲ. ಊಟದ್ದಾದ್ರೆ ನಂಗೆ ನೆನಪಿರ್ತದೆ."

ಹೀಗೆ ನಮ್ಮ ಗುಟ್ಟಿನ ಭಾಷೆ ಹುಟ್ಟಿತು. ಅನ್ನ ಎಂದರೆ ಚೆಂಡು ಹಿಡಿದು ನಡುವೆ ನುಗ್ಗುವುದು. ಸಾರು ಎಂದರೆ ಎಡಕ್ಕೆ, ಹುಳಿ ಎಂದರೆ ಬಲಕ್ಕೆ. ಪಾಯಸ ಎಂದರೆ ಎಲ್ಲರಿಗಿಂತ ಮುಂದೆ ಓಡುವ ಉದ್ದಕಾಲಿನ ಹುಡುಗನಿಗೆ ದೂರದ ಎಸೆತ. ಕೂಗುವುದು ನಾನು, ಎಸೆಯುವುದು ಸುಪ್ರೀತ್.

ಶುಕ್ರವಾರ ಬಂತು. ಮಗ್ರಿಬ್ ಬಾಂಗ್, ಅಂದರೆ ಸಂಜೆಯ ನಮಾಜಿನ ಕರೆ, ಕೇಳಿದ ಕೂಡಲೇ ಆಟ ನಿಲ್ಲಬೇಕು, ಆಗಲೇ ಎಸೆದ ಚೆಂಡಿದ್ದರೆ ಅದೊಂದು ಲೆಕ್ಕಕ್ಕೆ ಎಂದು ಮಾತಾಗಿತ್ತು. ನಮ್ಮವರು ದಾಟಬೇಕಾದ ತುದಿಯಲ್ಲಿ ನನ್ನ ಸಂಡಿಗೆ ಚಾಪೆಯ ಅಂಚೇ ಗೆರೆ. ಚನ್ನಕೇಶವ ಬಾಲ್ಕನಿಯಲ್ಲಿ ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಹಾಲಿನಲ್ಲಿದ್ದ ಸೂಟ್‌ಕೇಸು ನನಗೆ ಕೆಳಗಿನಿಂದಲೇ ಕಾಣಿಸಿತು. ಮೂರನೇ ಮಹಡಿಯದು ಹೇಗೆ ಕಾಣುತ್ತದೆ ಎಂದು ಕೇಳಬೇಡಿ. ಕಾಣಿಸಿತು.

ಪಕ್ಕದ ಮನೆಯ ಪೂವಕ್ಕ ಮಡಚುವ ಕುರ್ಚಿ ತಂದು, ಅಲ್ಲಿ ನಿಂತಿದ್ದ ಪಿಕಪ್ಪಿನ ನೆರಳಲ್ಲಿ ಕೂತಳು. ಮಂಗಳೂರಿನ ಕಡೆಯವಳು. ಅವಳ ಮಗ ಅಕ್ಷಯ್ ಟೊಮೇಟೊವಿನ ಅಪ್ಪನ ಕೈಕೆಳಗೆ ಕೆಲಸಕ್ಕಿದ್ದ. ನೋಡಿದರೆ ಆ ಕಡೆಯ ಹುಡುಗರ ಜೊತೆ ಸೊಂಟಕ್ಕೆ ಬಟ್ಟೆ ಸಿಕ್ಕಿಸಿಕೊಂಡು ನಿಂತಿದ್ದಾನೆ!

"ಇದೇನೇ ಪೂವಕ್ಕ, ನಿನ್ನ ಮಗ ಯಾವಾಗ ಅಮೆರಿಕಕ್ಕೆ ದತ್ತು ಹೋದ?"

"ಎಂತ ಮಾಡುದು ವಿಜಯಮ್ಮ, ಬಾಸಿನ ಮಗ ಕರೆದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ?"

"ಹೋಗ್ಲಿ ಬಿಡು, ಹೋಳಿಗೆ ತಗೋ." ನನ್ನ ಡಬ್ಬಿಯಲ್ಲಿ ಹುಡುಗರಿಗೆಂದು ಮಾಡಿದ್ದ ಹೋಳಿಗೆಯಿತ್ತು.

"ಬೇಡಪ್ಪ ಬೇಡ. ತಂಗಿಯ ಮಗಳ ಮದುವೆ ಉಂಟು. ಆ ಬ್ಲೌಸಿಗೆ ನಾನು ಹೋಗ್ಬೇಕಲ್ಲ."

ಆಟ ಶುರುವಾಯಿತು. ನಾನು "ಅನ್ನ!" ಎಂದೆ, ನುಗ್ಗಿದರು. "ಹುಳಿ!" ಎಂದೆ, ಬಲಕ್ಕೆ ಹಾರಿತು. "ಪಾಯಸ!" ಎಂದಾಗ ಉದ್ದಕಾಲಿನವನು ಒಂಟೆ ಓಡಿದ ಹಾಗೆ ಓಡಿ ಗೆರೆ ದಾಟಿದ. ನಮ್ಮವರು ಕುಣಿದ ಕುಣಿತಕ್ಕೆ ಎದ್ದ ಧೂಳು ಬಹರೇನಿಗೆ ಹೋಗಿ ಬಿದ್ದಿರಬೇಕು. ಅವರೂ ಸುಮ್ಮನಿರಲಿಲ್ಲ. ಟೊಮೇಟೊ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ನಮ್ಮ ಇಬ್ಬರನ್ನು ಬೆನ್ನಿಗೆ ಅಂಟಿಸಿಕೊಂಡೇ ಗೆರೆ ದಾಟಿದ. ಸಮ ಸಮ.

ಆಮೇಲೆ ನಮ್ಮ ಕಡೆ ಏನೂ ನಡೆಯಲಿಲ್ಲ. ನಾನು "ಸಾರು" ಎನ್ನುವಷ್ಟರಲ್ಲಿ ಅಮೆರಿಕವೆಲ್ಲ ಎಡಕ್ಕೆ ಹೋಗಿ ನಿಂತಿರುತ್ತಿತ್ತು. "ಹುಳಿ" ಎಂದರೆ ಬಲಕ್ಕೆ. ಅಕ್ಷಯ್ ಪ್ರತಿ ಸಲ ಟೊಮೇಟೊವಿನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಮಂಗಳೂರಿನವನಿಗೆ ಕನ್ನಡ ಬಾರದೇ? ನನ್ನ ಅಡುಗೆಯನ್ನೆಲ್ಲ ಅವನು ಇಂಗ್ಲಿಷಿಗೆ ತಿರುಗಿಸಿ ಬಡಿಸುತ್ತಿದ್ದ.

ಸುಪ್ರೀತನ ಮುಖ ಬಾಡಿತು. ನೀರು ಕುಡಿಯಲು ನಿಂತಾಗ ನನ್ನ ಬಳಿ ಬಂದು ಮೆಲ್ಲನೆ ಹೇಳಿದ. "ಅಜ್ಜಿ, ಅಪ್ಪ ನಿಜವಾಗ್ಲೂ ಕಳಿಸಿಬಿಡ್ತಾರೆ ಅನ್ಸುತ್ತೆ."

ನನ್ನ ತಮಾಷೆಯೆಲ್ಲ ಒಂದು ಗಳಿಗೆ ಒಣಗಿಹೋಯಿತು. ವರ್ಷವೆಲ್ಲ ಕಾದದ್ದು ಈ ಹುಡುಗ ಪಕ್ಕದಲ್ಲಿ ಕೂತು ನನ್ನ ಹಲ್ಲುಸೆಟ್ಟನ್ನು ಆಡಿಕೊಂಡು ನಗಲಿ ಎಂದು.

"ಎಲ್ರೂ ಇಲ್ಲಿ ಬನ್ರೋ. ಮದುವೇಲಿ ಪಾಯಸ ಸಾಲ್ದೆ ಬಂದ್ರೆ ನಾವು ಏನ್ ಮಾಡ್ತಿದ್ವಿ ಗೊತ್ತಾ?"

"ಈಗ ಕಥೆ ಬೇಡ ಅಜ್ಜಿ!"

"ಕೇಳೋ! ಬಾಯಲ್ಲಿ ಇಡೀ ಛತ್ರಕ್ಕೆ ಕೇಳೋ ಹಾಗೆ, 'ಧಾರಾಳವಾಗಿ ಬಿಡ್ರೋ, ಕೊಪ್ಪರಿಗೆ ತುಂಬಿದೆ' ಅಂತ ಕೂಗ್ತಿದ್ದೆ. ಬೆನ್ನ ಹಿಂದೆ ಎಡಗೈ ಮುಷ್ಟಿ. ಮುಷ್ಟಿ ಕಂಡ್ರೆ ಬಡಿಸೋರು ಅರ್ಧ ಸೌಟೇ ಹಾಕ್ತಿದ್ರು. ಕೂತವರು ನನ್ನ ಬಾಯಿ ನೋಡ್ತಿದ್ರು, ನಮ್ಮವರು ಕೈ ನೋಡ್ತಿದ್ರು. ಹೆಣ್ಣಿನ ಕಡೆಯವರ ಮಾನ ಎಷ್ಟು ಸಲ ಉಳಿಸಿದೆ ಈ ಕೈ!"

ಸುಪ್ರೀತನ ಕಣ್ಣು ದೊಡ್ಡದಾಯಿತು.

"ನನ್ನ ಮುಷ್ಟಿ ಕಂಡ್ರೆ ಬಾಯಲ್ಲಿ ಹೇಳಿದ್ದೆಲ್ಲ ಸುಳ್ಳು. ಚೆಂಡು ಬೋಜನಿಗೆ."

ಬೋಜ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಅಜ್ಜಿ, ನಂಗೆ ಬೇಡ. ನಾನು ಹುಟ್ಟಿದ ಮೇಲೆ ಏನನ್ನೂ ಕ್ಯಾಚ್ ಹಿಡಿದವ ಅಲ್ಲ."

"ಅದಕ್ಕೇ ನಿನಗೆ. ಬೇಕು ಬೇಕು ಅಂತ ನೋಡೋನ ಮೇಲೆ ಎಲ್ಲರ ಕಣ್ಣಿರುತ್ತೆ. ಎಲೆ ಮೇಲೆ ಎರಡೂ ಕೈ ಅಡ್ಡ ಹಿಡ್ಕೊಂಡು ಸಾಕು ಸಾಕು ಅನ್ನೋನನ್ನ ಯಾರೂ ಕಾಯಲ್ಲ. ಉಪಚಾರ ಅವನಿಗೇ ಮಾಡ್ಬೇಕು. ಸುಮ್ನೆ ಹೋಗಿ ಸಂಡಿಗೆ ಹತ್ರ ನಿಂತ್ಕೋ."

ಅದೊಂದು ಕೆಲಸವನ್ನು ಅವನು ಬಹಳ ಚೆನ್ನಾಗಿ ಮಾಡಬಲ್ಲವನಾಗಿದ್ದ.

ಸೂರ್ಯ ಕಟ್ಟಡಗಳ ಹಿಂದೆ ಇಳಿದ. ಮಸೀದಿಯ ಮೈಕು ಗರಗರ ಎಂದು ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಇನ್ನೊಂದೇ ಸಲ. ಟೊಮೇಟೊ "ಯಲ್ಲಾ, ಯಲ್ಲಾ!" ಎಂದು ಅವಸರ ಮಾಡಿದ. ನಾನು ಎದ್ದು ಬಂದು ಪಕ್ಕದ ಅಂಚಿನಲ್ಲಿ, ಅಕ್ಷಯನ ಕಡೆ ಮುಖ ಮಾಡಿ, ನಮ್ಮ ಹುಡುಗರ ಕಡೆ ಬೆನ್ನು ಹಾಕಿ ನಿಂತೆ. ಹೊಟ್ಟೆಯಾಳದಿಂದ ಕೂಗಿದೆ.

"ಪಾಯಸ! ಪಾಯಸ ಧಾರಾಳವಾಗಿ ಬಿಡ್ರೋ!"

ಅಕ್ಷಯ್ ಟೊಮೇಟೊವಿನ ಕಿವಿಗೆ ಬಾಗಿದ. ಅಮೆರಿಕಕ್ಕೆ ಅಮೆರಿಕವೇ ಉದ್ದಕಾಲಿನವನ ಸುತ್ತ ನೆರೆಯಿತು. ನನ್ನ ಎಡಗೈ ಬೆನ್ನ ಹಿಂದೆ ಹೋಗಿ ಮುಷ್ಟಿಯಾಯಿತು.

ಎಲ್ಲವನ್ನೂ ಯೋಚಿಸಿದ್ದ ನಾನು ಒಂದನ್ನು ಮರೆತಿದ್ದೆ. ಮದುವೆಮನೆಯಲ್ಲಿ ನನ್ನ ಬೆನ್ನ ಹಿಂದೆ ಅಡುಗೆಮನೆ ಇರುತ್ತಿತ್ತು. ಇಲ್ಲಿ ಪೂವಕ್ಕನ ಕುರ್ಚಿಯಿತ್ತು.

ಪೂವಕ್ಕನೇನು ಮಂಕಾಗಿ ಕೂತವಳೇ? ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಆ ಮುಷ್ಟಿಯ ಅರ್ಥ ಅವಳಿಗೂ ಗೊತ್ತು.

"ಓಹೋ! ನಮ್ಮಲ್ಲಿಯೂ ಹೀಗೇ ಮಾಡುದು!" ಎಂದು ಕುರ್ಚಿಯಿಂದ ಎದ್ದೇಬಿಟ್ಟಳು. "ಏ ಅಕ್ಷಯ್! ಆ ಕೈ..."

ಮುಂದಿನ ಮಾತು ಹೊರಬರಲಿಲ್ಲ. ನನ್ನ ಬಲಗೈ ಅವಳ ಕುರ್ಚಿಯ ಪಕ್ಕದಲ್ಲಿದ್ದ ಡಬ್ಬಿಗೆ ಹೋದದ್ದು ನನಗೇ ಗೊತ್ತಾಗಲಿಲ್ಲ. ಒಂದು ಇಡೀ ಹೋಳಿಗೆ, ತುಪ್ಪ ಹಚ್ಚಿದ್ದು, ನಾಲ್ಕಾಗಿ ಮಡಚಿ ಅವಳ ಬಾಯಿಗೆ ಇಟ್ಟೆ.

"ನನ್ನಾಣೆ ಪೂವಕ್ಕ, ಇದೊಂದು! ನಿನಗೇ ಅಂತ ತೆಗೆದಿಟ್ಟಿದ್ದು!"

ಬಾಯಿಗೆ ಬಂದ ಹೋಳಿಗೆಯನ್ನು ಉಗಿಯುವ ಹೆಂಗಸು ಕನ್ನಡನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಪೂವಕ್ಕ ಎರಡೂ ಕೈ ಅಡ್ಡ ಹಿಡಿದಳು, ಕಣ್ಣು ಅಗಲಿಸಿದಳು, "ಉಂ, ಉಂ" ಎಂದಳು. ಆಮೇಲೆ ಅಗಿದಳು. ಬಲಗೈಯಲ್ಲಿ ಉಪಚಾರ, ಎಡಗೈಯಲ್ಲಿ ಮುಷ್ಟಿ, ನಡುವೆ ನಾನು.

ಚೆಂಡು ಮೇಲಕ್ಕೆ ಹಾರಿತು. ಎಷ್ಟು ಮೇಲೆ ಎಂದರೆ, ಏರ್‌ಪೋರ್ಟಿಗೆ ಇಳಿಯುತ್ತಿದ್ದ ವಿಮಾನವೊಂದು ಪಕ್ಕಕ್ಕೆ ಸರಿಯಿತು. ಉದ್ದಕಾಲಿನವನ ಸುತ್ತ ನಿಂತಿದ್ದ ಅಮೆರಿಕ ಕತ್ತೆತ್ತಿ ನೋಡಿತು. ಚೆಂಡು ಅವರ ತಲೆಯ ಮೇಲೆ ಹಾದು, ಆಚೆ ಮೂಲೆಯಲ್ಲಿ ಒಬ್ಬನೇ ನಿಂತಿದ್ದ ಬೋಜನತ್ತ ಇಳಿಯತೊಡಗಿತು. ಅವನ ಬಾಯಿ ತುಂಬ ಸಂಡಿಗೆ. ಚೆಂಡನ್ನು ಕಂಡವನೇ ಕಣ್ಣು ಮುಚ್ಚಿ, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, ಸಾಕು ಸಾಕು ಎನ್ನುವವನ ಹಾಗೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟ. ಅವನ ಹಿಂದೆ ಇದ್ದದ್ದು ನನ್ನ ಚಾಪೆ.

ಅಷ್ಟರಲ್ಲಿ ಬಾಂಗ್ ಕೇಳಿಸಿತು.

ಮುಂದಿನದನ್ನು ನಾನು ಹೇಳುವುದಿಲ್ಲ, ಹೇಳಿದರೆ ಮತ್ತೆ ಅರ್ಧ ಸುಳ್ಳು ಸೇರಿಕೊಳ್ಳುತ್ತದೆ. ಆ ಸಂಜೆ ಚನ್ನಕೇಶವ ಸೂಟ್‌ಕೇಸನ್ನು ಎತ್ತಿ ಮತ್ತೆ ಅಲ್ಮೇರದ ಮೇಲಿಟ್ಟ. ಪೂವಕ್ಕ ಬಂದು ಉಳಿದ ಹೋಳಿಗೆಯನ್ನೂ ತಿಂದುಹೋದಳು, ಆ ಬ್ಲೌಸು ಏನಾಯಿತೋ ಕೇಳಲಿಲ್ಲ. ಸುಪ್ರೀತ ನನ್ನ ಪಕ್ಕ ಕೂತು ಹಲ್ಲುಸೆಟ್ಟಿನ ತಮಾಷೆ ಮಾಡಿ ನಕ್ಕ. ಬೋಜನ ತೆಕ್ಕೆಯಿಂದ ಚೆಂಡು ಬಿಡಿಸಲು ಮೂವರು ಬೇಕಾದರು. ಆದರೆ ಆ ವಾರವೆಲ್ಲ ನಮ್ಮ ಮನೆಯ ಊಟಕ್ಕೆ ಸಂಡಿಗೆ ಇರಲಿಲ್ಲ. ಬೋಜನ ಪ್ಯಾಂಟಿನ ಹಿಂಭಾಗವನ್ನು ಅವನಮ್ಮ ಎರಡು ದಿನ ನೀರಿನಲ್ಲಿ ನೆನೆಹಾಕಿದ್ದಳಂತೆ.

ಯಾಕಿರಬಹುದು? ನೀವೇ ಹೇಳಿ ನೋಡೋಣ.